ಯಂತ್ರದ ಇಕ್ಕಟ್ಟು ಎಲ್ಲಿದೆ?

(ವಿದ್ಯಾರ್ಥಿಗಳು ಹಾಗೂ ಪೋಷಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮನೆಯಲ್ಲಿ ಹತ್ತು ವರ್ಷದ ಹಳೆಯ ಕಂಪ್ಯೂಟರ್ ಇದೆ ಎಂದುಕೊಳ್ಳೋಣ. ಹೊಸ ಆಟವೊಂದನ್ನು ಹಾಕಿದರೆ ಪರದೆಯ ಮೇಲಿನ ಚಿತ್ರ ತಡವರಿಸುತ್ತದೆ. ಓಡುವ ಮನುಷ್ಯ ಹೆಜ್ಜೆ ಹೆಜ್ಜೆಗೂ ನಿಂತು ಓಡುತ್ತಾನೆ. 'ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕು ಅಪ್ಪಾ' ಎನ್ನುತ್ತಾನೆ ಮಗ. 'ಇಲ್ಲ, ರ‍್ಯಾಮ್ ಸಾಲದು' ಎನ್ನುತ್ತಾನೆ ಅವನ ಗೆಳೆಯ. 'ಇದು ಹಳೇ ಮಾಲು ಸಾರ್, ಪೂರ್ತಿ ಹೊಸದೇ ತಗೊಂಡ್ಬಿಡಿ' ಎನ್ನುತ್ತಾರೆ ಅಂಗಡಿಯವರು. ದುಡ್ಡು ಕೊಡಬೇಕಾದ ತಂದೆಗೆ ಮೂವರ ಮಾತೂ ಸರಿಯೆಂದೇ ತೋರುತ್ತದೆ. ಕೊನೆಗೆ ಯಾರ ದನಿ ಜೋರಾಗಿದೆಯೋ ಅವರ ಮಾತು ಗೆಲ್ಲುತ್ತದೆ.

ಈ ಮೂರು ಮಾತುಗಳಲ್ಲಿ ಯಾವುದು ನಿಜ ಎಂದು ತಿಳಿಯಲು ಜೋರು ದನಿ ಬೇಕಿಲ್ಲ, ಪಾಂಡಿತ್ಯವೂ ಬೇಕಿಲ್ಲ. ಒಂದು ಗಂಟೆಯ ಬಿಡುವು ಮತ್ತು ಸ್ವಲ್ಪ ಲೆಕ್ಕ ಸಾಕು. ಆ ಲೆಕ್ಕ ಹೇಗೆ, ಅದರ ಹಿಂದಿರುವ ವಿಚಾರ ಎಲ್ಲಿಂದ ಬಂತು ಎಂಬುದೇ ಇಂದಿನ ನನ್ನ ವಿಷಯ.

ಹಳೆಯ ವಿಚಾರ

ಇಂಗ್ಲಿಷಿನಲ್ಲಿ ಇದಕ್ಕೆ ಬಾಟಲ್‌ನೆಕ್ ಎನ್ನುತ್ತಾರೆ. ಸೀಸೆಯ ಹೊಟ್ಟೆ ಎಷ್ಟೇ ದೊಡ್ಡದಿದ್ದರೂ ಬಗ್ಗಿಸಿದಾಗ ನೀರು ಬೀಳುವುದು ಅದರ ಕೊರಳು ಬಿಟ್ಟಷ್ಟೇ. ನಾವು ಇದನ್ನು ಇಕ್ಕಟ್ಟು ಎಂದು ಕರೆಯೋಣ.

ಈ ವಿಚಾರವನ್ನು ಮೊದಲು ಶಾಸ್ತ್ರವಾಗಿ ಹೇಳಿದವರಲ್ಲಿ ಕೃಷಿಯವರು ಮುಖ್ಯರು. 1828ರಲ್ಲಿ ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್, ಆಮೇಲೆ 1840ರ ದಶಕದಲ್ಲಿ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್, ಪೈರಿನ ಬೆಳವಣಿಗೆಯನ್ನು ನಿರ್ಧರಿಸುವುದು ಮಣ್ಣಿನಲ್ಲಿ ಯಾವ ಪೋಷಕಾಂಶ ಹೇರಳವಾಗಿದೆ ಎಂಬುದಲ್ಲ, ಯಾವುದು ಅಗತ್ಯಕ್ಕಿಂತ ಕಡಿಮೆ ಇದೆ ಎಂಬುದು ಎಂದು ತೋರಿಸಿದರು. ರಂಜಕವಿಲ್ಲದ ಹೊಲಕ್ಕೆ ಸಾರಜನಕವನ್ನು ಗಾಡಿಗಟ್ಟಲೆ ಸುರಿದರೂ ಪ್ರಯೋಜನವಿಲ್ಲ. ಗೊಬ್ಬರ ಹಾಕುವ ಪ್ರತಿಯೊಬ್ಬ ರೈತನಿಗೂ ಇದು ಗೊತ್ತು. ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರು ಮಾತ್ರ ಮರೆಯುತ್ತಾರೆ.

ಗಣಕಲೋಕಕ್ಕೆ ಇದನ್ನು ಲೆಕ್ಕದ ರೂಪದಲ್ಲಿ ತಂದವರು ಜೀನ್ ಆಮ್ಡಾಲ್. ಐಬಿಎಂ ಸಂಸ್ಥೆ 1964ರಲ್ಲಿ ಪ್ರಕಟಿಸಿದ ಸಿಸ್ಟಂ/360 ಎಂಬ ಪ್ರಸಿದ್ಧ ಗಣಕದ ಮುಖ್ಯ ವಿನ್ಯಾಸಕಾರರು ಅವರು. ಅನೇಕ ಪ್ರೊಸೆಸರ್‌ಗಳನ್ನು ಒಟ್ಟಿಗೆ ಜೋಡಿಸಿದರೆ ವೇಗಕ್ಕೆ ಮಿತಿಯೇ ಇಲ್ಲ ಎಂದು ಕೆಲವರು ಉತ್ಸಾಹದಿಂದ ಹೇಳುತ್ತಿದ್ದ ಕಾಲದಲ್ಲಿ, 1967ರ ಒಂದು ಸಮ್ಮೇಳನದಲ್ಲಿ ಆಮ್ಡಾಲ್ ತಣ್ಣನೆಯ ಮಾತೊಂದನ್ನು ಹೇಳಿದರು. ಕೆಲಸದ ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿ. ಉಳಿದ ಭಾಗ ತನ್ನ ಹಳೆಯ ಸಮಯವನ್ನು ತೆಗೆದುಕೊಂಡೇ ತೀರುತ್ತದೆ. ಒಟ್ಟು ವೇಗಕ್ಕೆ ಆ ಉಳಿದ ಭಾಗವೇ ಮೇರೆ.

ಒಂದು ಉದಾಹರಣೆ. ಆಟವೊಂದು ತೆರೆದುಕೊಳ್ಳಲು 50 ಸೆಕೆಂಡು ಬೇಕು. ಅದರಲ್ಲಿ 40 ಸೆಕೆಂಡು ಹಾರ್ಡ್ ಡಿಸ್ಕಿನಿಂದ ಓದಲು, ಅದಾದ ಮೇಲೆ 10 ಸೆಕೆಂಡು ಓದಿದ್ದನ್ನು ಪ್ರೊಸೆಸರ್ ಬಿಡಿಸಿ ಹರಡಲು. ಡಿಸ್ಕಿನ ಜಾಗದಲ್ಲಿ ಹತ್ತು ಪಟ್ಟು ವೇಗದ ಎಸ್‌ಎಸ್‌ಡಿ ಹಾಕಿದರೆ 40 ಹೋಗಿ 4 ಆಗುತ್ತದೆ. ಒಟ್ಟು 14 ಸೆಕೆಂಡು. ಇದು ದೊಡ್ಡ ಲಾಭವೇ. ಆದರೆ ಅದರ ಮೇಲೆ ಇನ್ನೂ ಹತ್ತು ಪಟ್ಟು ವೇಗದ, ದುಬಾರಿ ಬೆಲೆಯ ಎಸ್‌ಎಸ್‌ಡಿ ತಂದರೆ? 14 ಹೋಗಿ 10.4 ಆಗುತ್ತದೆ, ಅಷ್ಟೆ. ಮೊದಲ ಹೆಜ್ಜೆಯಲ್ಲಿ 36 ಸೆಕೆಂಡು ಉಳಿಯಿತು, ಎರಡನೆಯದರಲ್ಲಿ ಮೂರೂವರೆ. ಇಕ್ಕಟ್ಟು ಡಿಸ್ಕಿನಿಂದ ಎದ್ದು ಪ್ರೊಸೆಸರ್‌ಗೆ ಹೋಗಿ ಕುಳಿತಿದೆ.

ಎದ್ದು ಹೋಗಿ ಇನ್ನೊಂದೆಡೆ ಕೂರುವ ಈ ಗುಣವನ್ನು ನೆನಪಿಡಿ. ದರ್ಶಿನಿ ಹೋಟೆಲಿನ ದೋಸೆ ಕಾವಲಿಯಲ್ಲಿ ಗಂಟೆಗೆ 60 ದೋಸೆ ಏಳುತ್ತದೆ ಎನ್ನಿ. ಗಿರಾಕಿಗಳು ಕಾಯುತ್ತಾರೆಂದು ಇಬ್ಬರು ಸಪ್ಲೈಯರ್‌ಗಳನ್ನು ಹೆಚ್ಚಿಗೆ ಇಟ್ಟರೆ ದೋಸೆ 61 ಆಗುವುದಿಲ್ಲ. ಇನ್ನೊಂದು ಕಾವಲಿ ಹಾಕಿದರೆ 120 ಆಗಬೇಕು. ಆದರೆ ಒಳಗೆ ಗ್ರೈಂಡರ್ ಕೊಡುವುದು ಗಂಟೆಗೆ 80 ದೋಸೆಯ ಹಿಟ್ಟು ಮಾತ್ರವಾದರೆ, ಹೊರಗೆ ಬರುವುದು 80. ಇಕ್ಕಟ್ಟು ಯಾವತ್ತೂ ಮಾಯವಾಗುವುದಿಲ್ಲ, ಸ್ಥಳ ಬದಲಿಸುತ್ತದೆ. ನಮಗೆ ತೊಂದರೆ ಕೊಡದ ಜಾಗಕ್ಕೆ ಅದನ್ನು ಕಳಿಸುವುದೇ ಜಾಣತನ.

ಕ್ವೇಕ್ ಹೇಳಿದ ಪಾಠ

ಆಟದ ಕಂಪ್ಯೂಟರುಗಳ ಇತಿಹಾಸ ಎಂದರೆ ಬಹುಮಟ್ಟಿಗೆ ಈ ಇಕ್ಕಟ್ಟಿನ ವಲಸೆಯ ಇತಿಹಾಸವೇ ಆಗಿದೆ.

1996ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪೆನಿಯ 'ಕ್ವೇಕ್' ಬಂತು. ಆಗ ಪೇಟೆಯಲ್ಲಿ ಇಂಟೆಲ್‌ನ ಪೆಂಟಿಯಂಗೆ ಎದುರಾಗಿ ಸೈರಿಕ್ಸ್ ಕಂಪೆನಿಯ 6x86 ಎಂಬ ಅಗ್ಗದ ಪ್ರೊಸೆಸರ್ ಇತ್ತು. ಪತ್ರ ಬರೆಯಲು, ಲೆಕ್ಕಪತ್ರ ಇಡಲು ಅದು ಪೆಂಟಿಯಂಗೆ ಸರಿಸಮ, ಕೆಲವೊಮ್ಮೆ ಒಂದು ಕೈ ಮೇಲು. ಆದರೆ ಕ್ವೇಕ್ ಹಾಕಿದ ಕೂಡಲೇ ಅದು ಹಿಂದೆ ಬಿದ್ದಿತು. ಕಾರಣ, ಕ್ವೇಕ್ ಮೂರು ಆಯಾಮದ ಚಿತ್ರಕ್ಕಾಗಿ ದಶಮಾಂಶದ ಲೆಕ್ಕಗಳನ್ನು ಯಥೇಚ್ಛವಾಗಿ ಮಾಡುತ್ತಿತ್ತು. ಪೆಂಟಿಯಂನ ದಶಮಾಂಶ ಘಟಕ ಚುರುಕು, ಸೈರಿಕ್ಸ್‌ನದು ನಿಧಾನ. ಯಂತ್ರ ಅದೇ, ಕೆಲಸ ಬದಲಾಯಿತು, ಇಕ್ಕಟ್ಟೂ ಬದಲಾಯಿತು. ಆದ್ದರಿಂದಲೇ 'ಈ ಪ್ರೊಸೆಸರ್ ಒಳ್ಳೆಯದೇ?' ಎಂಬ ಪ್ರಶ್ನೆಗೆ 'ಯಾವ ಕೆಲಸಕ್ಕೆ?' ಎಂಬ ಮರುಪ್ರಶ್ನೆಯ ಹೊರತು ಉತ್ತರವಿಲ್ಲ.

ಅದೇ ವರ್ಷ 3ಡಿಎಫ್ಎಕ್ಸ್ ಕಂಪೆನಿಯ 'ವೂಡೂ' ಎಂಬ ಕಾರ್ಡ್ ಬಂತು. ಚಿತ್ರದ ಚುಕ್ಕೆಗಳಿಗೆ ಬಣ್ಣ ತುಂಬುವ ದೊಡ್ಡ ಕೂಲಿಯನ್ನು ಪ್ರೊಸೆಸರ್‌ನ ತಲೆಯಿಂದ ಇಳಿಸಿ ಅದು ತನ್ನ ಮೇಲೆ ಹೊತ್ತುಕೊಂಡಿತು. 1997ರ ಜನವರಿಯಲ್ಲಿ ಇಂಥ ಕಾರ್ಡುಗಳಿಗೆಂದೇ ಹೊಂದಿಸಿದ ಕ್ವೇಕ್ ಹೊರಬಂದಾಗ ಆಟಗಾರರಿಗೆ ಹೊಸ ಲೋಕವೇ ಕಂಡಂತಾಯಿತು. ಆದರೆ ಮರುವರ್ಷ ಇನ್ನೂ ಚುರುಕಾದ ವೂಡೂ2 ಬಂದಾಗ, ಹಳೆಯ ಪೆಂಟಿಯಂಗೆ ಅದನ್ನು ಸಿಕ್ಕಿಸಿದವರಿಗೆ ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ. ಕಾರ್ಡು ಕೆಲಸಕ್ಕಾಗಿ ಕೈಕಟ್ಟಿ ಕಾಯುತ್ತಿತ್ತು. ಕೆಲಸ ಒದಗಿಸಬೇಕಾದ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು.

ಇನ್ನೊಂದು ಪ್ರಸಿದ್ಧ ಪ್ರಕರಣ 2007ರ ನವೆಂಬರಿನಲ್ಲಿ ಬಂದ 'ಕ್ರೈಸಿಸ್'. ಪ್ರೊಸೆಸರ್‌ಗಳ ಗಡಿಯಾರದ ವೇಗ ವರ್ಷ ವರ್ಷವೂ ಏರುತ್ತಲೇ ಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಅದರ ವಿನ್ಯಾಸ ಆರಂಭವಾಗಿತ್ತು. ಆದರೆ ಬಿಸಿಯ ಕಾರಣದಿಂದ ಆ ಓಟ 2004ರ ಹೊತ್ತಿಗೆ 4 ಗಿಗಾಹರ್ಟ್ಸ್‌ನ ಸಮೀಪದಲ್ಲೇ ನಿಂತಿತು. ತಯಾರಕರು ವೇಗ ಏರಿಸುವುದನ್ನು ಬಿಟ್ಟು, ಒಂದು ಚಿಪ್ಪಿನೊಳಗೆ ಎರಡು, ನಾಲ್ಕು ಕೋರ್‌ಗಳನ್ನಿಡುವ ದಾರಿ ಹಿಡಿದರು. ಕ್ರೈಸಿಸ್ ಮಾತ್ರ ತನ್ನ ಭಾರದ ಬಹುಪಾಲನ್ನು ಒಂದೆರಡು ಕೋರ್‌ಗಳ ಮೇಲೆಯೇ ಹೇರುತ್ತಿತ್ತು. ಹೀಗಾಗಿ ವರ್ಷಗಳ ನಂತರ ಬಂದ ದೈತ್ಯ ಕಾರ್ಡುಗಳಲ್ಲೂ ಅದರ ಕೆಲವು ದೃಶ್ಯಗಳು ತಡವರಿಸಿದವು. ಎಂಟು ಎತ್ತು ಕಟ್ಟಿದರೂ ನೊಗ ಹೊತ್ತದ್ದು ಎರಡೇ.

ಒಂದು ಚಿತ್ರದ ಲೆಕ್ಕ

ಇನ್ನು ನಮ್ಮ ಹಳೆಯ ಕಂಪ್ಯೂಟರಿಗೆ ಬರೋಣ. ಪರದೆಯ ಮೇಲಿನ ಚಲನೆ ಎಂದರೆ ಸಿನಿಮಾದಂತೆ ಒಂದರ ಹಿಂದೊಂದು ಬರುವ ಬಿಡಿ ಚಿತ್ರಗಳು. ಇವನ್ನು ಫ್ರೇಮ್ ಎನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೂ ಸಿಗುವ ಕಾಲ 16.7 ಮಿಲಿಸೆಕೆಂಡು. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಏನೇನು ಬರೆಯಬೇಕು ಎಂಬ ಪಟ್ಟಿಯನ್ನು ಪ್ರೊಸೆಸರ್ ಮಾಡಿಕೊಡುತ್ತದೆ. ಅದನ್ನು ನೋಡಿ ಬಣ್ಣ ಬಳಿಯುವುದು ಗ್ರಾಫಿಕ್ಸ್ ಕಾರ್ಡ್. ಕಾರ್ಡು ಈ ಚಿತ್ರ ಬಳಿಯುತ್ತಿರುವಾಗಲೇ ಪ್ರೊಸೆಸರ್ ಮುಂದಿನದರ ಪಟ್ಟಿ ಹಿಡಿದಿರುತ್ತದೆ. ಇಬ್ಬರೂ ಏಕಕಾಲಕ್ಕೆ ದುಡಿಯುವುದರಿಂದ ಇಲ್ಲಿ ಸಮಯಗಳನ್ನು ಕೂಡಿಸಬೇಕಿಲ್ಲ. ಇಬ್ಬರಲ್ಲಿ ನಿಧಾನಿ ಯಾರೋ ಅವರ ವೇಗವೇ ಆಟದ ವೇಗ.

ಪ್ರೊಸೆಸರ್‌ಗೆ 20, ಕಾರ್ಡಿಗೆ 25 ಮಿಲಿಸೆಕೆಂಡು ಬೇಕು ಎನ್ನಿ. ಆಟ ಸೆಕೆಂಡಿಗೆ 40 ಫ್ರೇಮ್ ಓಡುತ್ತದೆ. ಈಗ ಮೂರು ಪಟ್ಟು ಚುರುಕಾದ ಕಾರ್ಡ್ ತಂದರೆ 25 ಹೋಗಿ 8.3 ಆಗುತ್ತದೆ. ಆಟ 120 ಆಯಿತೇ? ಇಲ್ಲ. ಪ್ರೊಸೆಸರ್‌ನ 20 ಹಾಗೇ ಇದೆ; ಆಟ 50 ಮಾತ್ರ. ಕಾರ್ಡನ್ನು ಬಿಟ್ಟು ಎರಡು ಪಟ್ಟು ಚುರುಕಾದ ಪ್ರೊಸೆಸರ್ ತಂದರೋ, ಆಟ ಮೊದಲಿನಂತೆ 40. ಖರ್ಚು ಪೂರ್ತಿ ದಂಡ. ಎರಡನ್ನೂ ತಂದರೆ 100 ಆಗುತ್ತದೆ. ಆದರೆ ಮನೆಯ ಮಾನಿಟರ್ ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರ ಬದಲಿಸುವಂಥದ್ದಾದರೆ ಕಣ್ಣಿಗೆ ತಲುಪುವ ಹೊಸ ಚಿತ್ರಗಳು 60 ಮಾತ್ರ. ಇಕ್ಕಟ್ಟು ಮೇಜಿನ ಮೇಲೆಯೇ ಕುಳಿತಿರುತ್ತದೆ!

ಪತ್ತೆ ಮಾಡುವ ಬಗೆ

ಹಾಗಾದರೆ ನಿಧಾನಿ ಯಾರೆಂದು ತಿಳಿಯುವುದು ಹೇಗೆ? ಒಂದು ಸುಲಭ ಪರೀಕ್ಷೆ ಇದೆ. ಅದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆಟದ ಒಂದೇ ಜಾಗದಲ್ಲಿ ನಿಂತು ಫ್ರೇಮ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಆಟದ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ ಅನ್ನು 1920x1080ರಿಂದ 1280x720ಕ್ಕೆ ಇಳಿಸಿ. ಚುಕ್ಕೆಗಳ ಸಂಖ್ಯೆ ಸುಮಾರು 20.7 ಲಕ್ಷದಿಂದ 9.2 ಲಕ್ಷಕ್ಕೆ ಇಳಿಯುತ್ತದೆ. ಬಣ್ಣ ಬಳಿಯುವ ಕೂಲಿ ಅರ್ಧಕ್ಕಿಂತ ಕಡಿಮೆಯಾಯಿತು. ಪ್ರೊಸೆಸರ್‌ನ ಕೆಲಸ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಈಗ ಫ್ರೇಮ್ ಸಂಖ್ಯೆ ಚೆನ್ನಾಗಿ ಏರಿದರೆ ಇಕ್ಕಟ್ಟು ಇದ್ದದ್ದು ಕಾರ್ಡಿನಲ್ಲಿ. ಕದಲದೆ ಅಲ್ಲೇ ನಿಂತರೆ ಪ್ರೊಸೆಸರ್‌ನಲ್ಲಿ, ಇಲ್ಲವೇ ಅದಕ್ಕೆ ಸರಕು ಒದಗಿಸುವ ಮೆಮೊರಿಯಲ್ಲಿ. ಪರೀಕ್ಷೆಗೆ ಮುನ್ನ ವಿ-ಸಿಂಕ್ ಮತ್ತು ಫ್ರೇಮ್ ಮಿತಿಯ ಆಯ್ಕೆಗಳನ್ನು ತೆಗೆದಿರಬೇಕು. ಇಲ್ಲದಿದ್ದರೆ ಕೃತಕ ಗೋಡೆಗೆ ತಲೆ ತಾಗಿಸಿಕೊಂಡು ಯಂತ್ರವನ್ನು ದೂರಿದಂತಾಗುತ್ತದೆ.

ಎರಡನೆಯದು, ಯಾರು ಎಷ್ಟು ದುಡಿಯುತ್ತಿದ್ದಾರೆಂದು ನೋಡುವುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಇದನ್ನು ತೋರಿಸುತ್ತದೆ. ಕಾರ್ಡು ನೂರಕ್ಕೆ 95ಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಅದೇ ನಿಧಾನಿ. 60, 70ರಲ್ಲೇ ಓಲಾಡುತ್ತಿದ್ದರೆ ಅದಕ್ಕೆ ಕೆಲಸ ಸಿಗುತ್ತಿಲ್ಲ ಎಂದರ್ಥ. ಇಲ್ಲೊಂದು ಮೋಸವಿದೆ. 'ಪ್ರೊಸೆಸರ್ ನೂರಕ್ಕೆ 30 ಮಾತ್ರ ದುಡಿಯುತ್ತಿದೆ, ಆದ್ದರಿಂದ ತಪ್ಪು ಅದರದ್ದಲ್ಲ' ಎಂದು ಬಹಳ ಜನ ತಿಳಿಯುತ್ತಾರೆ. ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ದುಡಿದು ಮೂರು ಸುಮ್ಮನಿದ್ದರೂ ಸರಾಸರಿ 25 ಎಂದೇ ತೋರುತ್ತದೆ. ಕ್ರೈಸಿಸ್ ಕಥೆ ಇದೇ.

ಸರಾಸರಿಯ ಮೋಸ ಇನ್ನೊಂದೆಡೆಯೂ ಇದೆ. ಸೆಕೆಂಡಿಗೆ 60 ಫ್ರೇಮ್ ಎಂದು ಅಂಕಿ ಹೇಳುತ್ತದೆ, ಆದರೂ ಆಟ ಮುಗ್ಗರಿಸುತ್ತದೆ. 59 ಚಿತ್ರಗಳು ಬೇಗ ಬೇಗ ಬಂದು ಒಂದು ಮಾತ್ರ ಕಾಲು ಸೆಕೆಂಡು ತಡೆದರೂ ಲೆಕ್ಕದಲ್ಲಿ ಅದು 60. 2011ರಲ್ಲಿ ಸ್ಕಾಟ್ ವಾಸನ್ ಎಂಬ ಅಮೆರಿಕದ ವಿಮರ್ಶಕರು, ಫ್ರೇಮ್ ಎಷ್ಟು ಬಂತೆಂದು ಎಣಿಸಿದರೆ ಸಾಲದು, ಒಂದೊಂದೂ ಎಷ್ಟು ಹೊತ್ತು ತೆಗೆದುಕೊಂಡಿತೆಂದು ಅಳೆಯಬೇಕು ಎಂದು ವಾದಿಸಿದ ಮೇಲೆ ಪರೀಕ್ಷೆಯ ಕ್ರಮವೇ ಬದಲಾಯಿತು. ಈಗ ಅತಿ ನಿಧಾನವಾದ ನೂರರಲ್ಲೊಂದು ಭಾಗದ ಫ್ರೇಮ್‌ಗಳನ್ನು ಬೇರೆಯಾಗಿ ತೋರಿಸುವುದು ರೂಢಿ.

ಇಂಥ ಮುಗ್ಗರಿಕೆಗೆ ಬಹಳ ಸಲ ಮೆಮೊರಿ ಕಾರಣ. ರ‍್ಯಾಮ್ ತುಂಬಿ ಹೋದರೆ ಯಂತ್ರ ಹಾರ್ಡ್ ಡಿಸ್ಕಿಗೆ ಕೈ ಚಾಚುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೇ 8.3 ಮಿಲಿಸೆಕೆಂಡು ಬೇಕು. ಅದರ ಮುಳ್ಳು ಸರಿಯಾದ ಜಾಗಕ್ಕೆ ಸರಿಯುವ ಹೊತ್ತು ಬೇರೆ. ಒಂದು ಫ್ರೇಮಿಗೆ ಇರುವುದೇ 16.7 ಎಂಬುದನ್ನು ನೆನೆದರೆ ಸಾಕು, ಮುಗ್ಗರಿಕೆ ಏಕೆಂದು ಹೊಳೆಯುತ್ತದೆ. ಕಾರ್ಡಿನ ಸ್ವಂತ ಮೆಮೊರಿ ತುಂಬಿದರೂ ಇದೇ ಪಾಡು. ಆಗ ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ನೋಡಬೇಕು.

ಪ್ರೊಸೆಸರ್ ಮೆಮೊರಿಗಾಗಿ ಕಾಯುವ ಕಷ್ಟ ಹಳೆಯದು. ಫೋರ್ಟ್ರಾನ್ ಭಾಷೆಯ ರೂವಾರಿ ಜಾನ್ ಬ್ಯಾಕಸ್ 1977ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲಿ, ಪ್ರೊಸೆಸರ್ ಮತ್ತು ಮೆಮೊರಿಗಳ ನಡುವಣ ಸಣ್ಣ ದಾರಿಯನ್ನೇ ಗಣಕದ ಮೂಲ ಇಕ್ಕಟ್ಟು ಎಂದು ಕರೆದಿದ್ದರು. ಅದಕ್ಕೆ ಒಳ್ಳೆಯ ಸಾಕ್ಷಿ 2022ರಲ್ಲಿ ಬಂದ ಎಎಂಡಿಯ ರೈಜನ್ 5800ಎಕ್ಸ್3ಡಿ. ಅದರ ಗಡಿಯಾರದ ವೇಗ ಹಿಂದಿನ 5800ಎಕ್ಸ್‌ಗಿಂತ ಕಡಿಮೆ. ಆದರೆ ಚಿಪ್ಪಿನೊಳಗಿನ ಕ್ಯಾಷ್ ಮೆಮೊರಿಯನ್ನು 32ರಿಂದ 96 ಮೆಗಾಬೈಟ್‌ಗೆ ಏರಿಸಿದ್ದರು. ಅಷ್ಟರಿಂದಲೇ ಅನೇಕ ಆಟಗಳಲ್ಲಿ ಅದು ಅಣ್ಣನನ್ನು ಮೀರಿಸಿತು.

ಕೊಳ್ಳುವ ಮುನ್ನ

ಪತ್ತೆಯಾದ ಮೇಲೆ ಮದ್ದು. ಅಗ್ಗದ್ದು ಮೊದಲು, ದುಬಾರಿ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಎಂದು ತಿಳಿಯುವುದಿಲ್ಲ.

ಎಲ್ಲಕ್ಕೂ ಮೊದಲು ಕ್ಯಾಬಿನೆಟ್ ಬಿಚ್ಚಿ ದೂಳು ತೆಗೆಯಿರಿ. ಫ್ಯಾನಿಗೆ ದೂಳು ಕಟ್ಟಿ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ, ಬಿಸಿ ಮಿತಿ ಮೀರಿದಾಗ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಟ ಶುರುವಾದಾಗ ಚೆನ್ನಾಗಿದ್ದು ಹತ್ತು ನಿಮಿಷದ ಮೇಲೆ ಸೊರಗುವ ಯಂತ್ರದಲ್ಲಿ ಮೊದಲು ಶಂಕಿಸಬೇಕಾದ್ದು ಇದನ್ನೇ. ಆಮೇಲೆ ರ‍್ಯಾಮ್. ಮದರ್‌ಬೋರ್ಡಿನಲ್ಲಿ ಒಂದೇ ಪಟ್ಟಿ ಇದ್ದರೆ ಅದರ ಜೊತೆಗೊಂದು ಹಾಕಿದಾಗ ಜಾಗ ಹೆಚ್ಚುವುದಲ್ಲದೆ ದಾರಿಯೂ ಇಮ್ಮಡಿ ಅಗಲವಾಗುತ್ತದೆ. ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ. ಅದು ಫ್ರೇಮ್ ಸಂಖ್ಯೆಯನ್ನು ಸಾಮಾನ್ಯವಾಗಿ ಏರಿಸದು, ಕಾಯುವ ಹೊತ್ತನ್ನು ಇಳಿಸುತ್ತದೆ.

ಕಾರ್ಡ್ ಕೊಳ್ಳುವಾಗ ಎರಡು ಎಚ್ಚರ. ಅದರ ಹಸಿವಿಗೆ ತಕ್ಕ ಎಸ್‌ಎಂಪಿಎಸ್ ಇದೆಯೇ ನೋಡಿ. ಇನ್ನೊಂದು, ಅದು ಕೂರುವ ದಾರಿ. 2022ರ ಜನವರಿಯಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗದ ಕಾರ್ಡ್. ಹಳೆಯ ಯಂತ್ರದವರು ಅದರತ್ತ ನೋಡುವುದು ಸಹಜ. ಆದರೆ ಅದು ಬಳಸುವುದು ನಾಲ್ಕೇ ಓಣಿಗಳನ್ನು. ಹೊಸ ಪಿಸಿಐ ಎಕ್ಸ್‌ಪ್ರೆಸ್ 4 ಬೋರ್ಡುಗಳಲ್ಲಿ ಆ ನಾಲ್ಕು ಸಾಕು. ಮೂರನೆಯ ತಲೆಮಾರಿನ ಹಳೆಯ ಬೋರ್ಡಿನಲ್ಲಿ ಒಂದೊಂದು ಓಣಿಯ ವೇಗವೂ ಅರ್ಧ. ಕಾರ್ಡಿನ ನಾಲ್ಕು ಗಿಗಾಬೈಟ್ ಮೆಮೊರಿ ತುಂಬಿದಾಗ ಆ ಇಕ್ಕಟ್ಟು ಎದ್ದು ಕಾಣುತ್ತಿತ್ತು. ಯಾವ ಬಡ ಯಂತ್ರಕ್ಕೆ ಅದು ಬೇಕಿತ್ತೋ ಅಲ್ಲೇ ಅದು ಹೆಚ್ಚು ಸೋತಿತು.

ಪ್ರೊಸೆಸರ್ ಬದಲಿಸುವುದು ಎಲ್ಲಕ್ಕಿಂತ ತೊಡಕಿನ ಕೆಲಸ. 2014ರ ಐ5-4460 ಇರುವ ಯಂತ್ರವನ್ನೇ ನೋಡಿ. ಹೊಸ ತಲೆಮಾರಿನ ಪ್ರೊಸೆಸರ್ ಆ ಬೋರ್ಡಿನಲ್ಲಿ ಕೂರದು. ಬೋರ್ಡ್ ಬದಲಾದರೆ ಡಿಡಿಆರ್3 ರ‍್ಯಾಮ್ ಕೂಡ ಹೋಗಬೇಕು. ಒಂದು ಎಂದುಕೊಂಡದ್ದು ಮೂರಾಯಿತು. ಆದರೆ ಅದೇ ಸಾಕೆಟ್ಟಿಗೆ ಕೂರುವ ಐ7-4790 ಸೆಕೆಂಡ್ ಹ್ಯಾಂಡ್ ಸಿಕ್ಕರೆ, ನಾಲ್ಕು ಕೋರ್‌ಗಳಲ್ಲೇ ಎಂಟು ಎಳೆಗಳನ್ನು ನಡೆಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಚೌಕಾಸಿ ಮಾಡುವ ಹುಡುಗರಿಗೆ ಇದು ಗೊತ್ತಿರುವ ಗುಟ್ಟೇ. ಬೋರ್ಡು ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಅಷ್ಟೆ. ಇಂಥ ಹಳೆಯ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಲವೊಮ್ಮೆ ಅಂಗಡಿಯವರ ಮಾತೇ ಸರಿಯಾಗಿರಬಹುದು. ಆದರೆ ಅದು ಲೆಕ್ಕದ ಕೊನೆಯಲ್ಲಿ ಬರಬೇಕಾದ ಮಾತು, ಆರಂಭದಲ್ಲಲ್ಲ.

ಇದು ಬರೀ ಆಟದ ವಿಷಯ ಎಂದು ಹಿರಿಯರು ತಳ್ಳಿಹಾಕಬಾರದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರ ಒಂದೇ ವರ್ಷ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನೂರಕ್ಕೆ 22.3 ಪಾಲು. ಒಂದು ಫ್ಯಾನಿನ ದೂಳಿಗಾಗಿ, ಒಂದು ರ‍್ಯಾಮ್ ಪಟ್ಟಿಗಾಗಿ ಮೂಲೆಗೆ ಬಿದ್ದ ಪೆಟ್ಟಿಗೆಗಳೂ ಆ ರಾಶಿಯಲ್ಲಿವೆ.

ಹಾಗೆಯೇ, ಆಟಕ್ಕಾಗಿ ಯಂತ್ರ ಬಿಚ್ಚಿ, ಅಂಕಿ ಬರೆದುಕೊಂಡು, ಒಂದೊಂದನ್ನೇ ಬದಲಿಸಿ ನೋಡಿದ ಮಗುವಿಗೆ ಒಂದು ಅಭ್ಯಾಸ ಬರುತ್ತದೆ. ಯಾರನ್ನಾದರೂ ದೂರುವ ಮುನ್ನ, ಎಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ಕೇಳುವ ಅಭ್ಯಾಸ ಅದು. ಕಚೇರಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಹೊಲದಲ್ಲಿ, ಎಲ್ಲೆಡೆಯೂ ಬೇಕಾದ ಪ್ರಶ್ನೆ. ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಮಗ ಕಾರ್ಡ್ ಬೇಕೆಂದರೆ ಕೂಡಲೇ ಬೈಯಬೇಡಿ, ಕೂಡಲೇ ಕೊಡಿಸಲೂ ಬೇಡಿ. 'ಲೆಕ್ಕ ತೋರಿಸು' ಎನ್ನಿ. ಅವನು ತೋರಿಸಿದರೆ ಕೊಟ್ಟ ದುಡ್ಡು ಸಾರ್ಥಕ.